ಉಲ್ಟಾ ಬಾಜು

ಮೊನ್ನೆ ಹುನಗುಂದದ ಕಡೆ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನಗೆ ಫೋನ್ ಮಾಡಿದ್ದಳು. ಅರ್ಥಶಾಸ್ತ್ರದವಳೇ. ಆರ್ಥಿಕ ಕುಸಿತದ ಪಾಠ ಶುರುವಾದರೆ ಸಾಕು, ಹುಡುಗರು ಸಾಲಾಗಿ ಆಕಳಿಸುತ್ತಾರೆ, ಏನು ಮಾಡಲಿ ಮೇಡಂ ಎಂದು ಗೋಳು ಹೇಳಿಕೊಂಡಳು. ಅವರದೇನು ತಪ್ಪಮ್ಮ, ಆ ಪಾಠ ಮಾಡುತ್ತ ಮಾಡುತ್ತ ನಾನೇ ಆಕಳಿಸಿದವಳು ಎಂದೆ. ಆಕೆ ನಕ್ಕಳು. ತಮಾಷೆ ಎಂದುಕೊಂಡಿರಬೇಕು. ಖರೆ ಹೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಬರೆದೇ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕೇ ಕೂತಿದ್ದೇನೆ.

ನನ್ನ ಹೆಸರು ಮುಮ್ತಾಜ್. ಬಾದಾಮಿ, ಹುನಗುಂದ, ಇಳಕಲ್, ಈ ಮೂರು ಊರುಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದರೆ ನನ್ನ ಮೊಮ್ಮಕ್ಕಳೂ ಓದುವುದಿಲ್ಲ. ಕೆಲಸ ಹೇಗಿತ್ತು ಎಂಬುದಷ್ಟನ್ನೇ ಹೇಳುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಮೂರೂ ಊರಿನವರು ಅದನ್ನು ಸಹಿಸಿಕೊಂಡಿದ್ದಾರೆ, ಓದುವವರೂ ಸಹಿಸಿಕೊಳ್ಳಲಿ.

ಮೊದಲ ನೌಕರಿ ಬಾದಾಮಿಯಲ್ಲಿ. ಆಗ ಪಾಠವೆಂದರೆ ನೋಟ್ಸ್ ಬರೆಸುವುದು. ನಾನು ಹೇಳುವುದು, ಅವರು ಬರೆಯುವುದು, ಪರೀಕ್ಷೆಯಲ್ಲಿ ಅದನ್ನೇ ನನಗೆ ತಿರುಗಿ ಕೊಡುವುದು. ಕುಸಿತದ ಕಾಲದಲ್ಲಿ ಸರ್ಕಾರ ಕೈಬಿಚ್ಚಿ ಖರ್ಚು ಮಾಡಬೇಕು, ಜನರ ಕೈಗೆ ಕೆಲಸ ಕೊಡಬೇಕು ಎಂದು ಒಂದು ಪಂಥ. ಸರ್ಕಾರ ಕೈ ಹಾಕಿದರೆ ಇನ್ನಷ್ಟು ಕೆಡುತ್ತದೆ, ಬಿಟ್ಟರೆ ಮಾರುಕಟ್ಟೆ ತಾನೇ ಎದ್ದು ನಿಲ್ಲುತ್ತದೆ ಎಂದು ಇನ್ನೊಂದು ಪಂಥ. ಎರಡನ್ನೂ ನಾನು ಒಂದೇ ದನಿಯಲ್ಲಿ, ರೈಲ್ವೆ ಸ್ಟೇಶನ್ನಿನ ಅನೌನ್ಸ್‌ಮೆಂಟಿನ ಹಾಗೆ ಒದರುತ್ತಿದ್ದೆ.

ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಅಪ್ಪ ಗುಹೆಗಳ ಹತ್ತಿರ ಪ್ರವಾಸಿಗರಿಗೆ ಗೈಡ್ ಆಗಿದ್ದವರು. ಈ ಸಲ ಪ್ರವಾಸಿಗರು ಬಂದಿಲ್ಲ, ಅಪ್ಪ ಮನೆಯಲ್ಲೇ ಕೂತಿದ್ದಾನೆ, ಇದು ಕುಸಿತ ಹೌದೋ ಅಲ್ಲವೋ ಎಂದು ಕೇಳಿದ. ಪುಸ್ತಕದಲ್ಲಿ ಉತ್ತರ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದೆ. ಅವನು ಕೂತ. ಪ್ರಶ್ನೆ ಮಾತ್ರ ಕೂರಲಿಲ್ಲ, ನನ್ನ ಜೊತೆ ಬಸ್ ಹತ್ತಿತು.

ನನ್ನ ತವರು ನರಗುಂದ. ಶನಿವಾರ ಊರಿಗೆ ಹೋಗುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ ಬದಲಿಸಬೇಕಿತ್ತು. ಅಲ್ಲಿ ರಾಜೇಸಾಬ ಎಂಬುವನ ಚಹದ ಅಂಗಡಿ. ಆ ಅಂಗಡಿಯ ಬೆಂಚಿನ ಮೇಲೆ ಒಬ್ಬ ಉಳ್ಳಾಗಡ್ಡಿ ಬೆಳೆಯುವ ರೈತ, ಒಬ್ಬ ದಲಾಲಿ, ಇಬ್ಬರೂ ಕಾಯಂ ಗಿರಾಕಿಗಳು. ದರ ಬಿದ್ದಾಗ ಸರ್ಕಾರ ಕೊಳ್ಳಬೇಕು ಎಂದು ರೈತ, ಸರ್ಕಾರ ಬಂದರೆ ಪೇಟೆ ಕೆಡುತ್ತದೆ ಎಂದು ದಲಾಲಿ. ನಾನು ಹೋದಾಗಲೆಲ್ಲ ಅದೇ ಜಗಳ, ಅದೇ ಮಾತು. ಒಂದು ಶನಿವಾರ ರಾಜೇಸಾಬನಿಗೆ ತಲೆ ಕೆಟ್ಟಿತು.

"ದಿನಾ ಇದನ್ನ ಕೇಳಿ ಕೇಳಿ ನನ್ನ ಕಿವಿ ತೂತ ಬಿದ್ದಾವ. ಇವತ್ತ ನೀ ಅವಂದು ಹೇಳು, ಅವ ನಿಂದು ಹೇಳ್ಲಿ. ಇಲ್ಲಂದ್ರ ಚಾ ಇಲ್ಲ."

ಇಬ್ಬರೂ ಮೊದಲು ನಕ್ಕರು. ಆಮೇಲೆ ಚಹದ ಆಸೆಗೆ ಶುರು ಮಾಡಿದರು. ದಲಾಲಿ ಎದ್ದು ನಿಂತು ರೈತನ ಕಷ್ಟವನ್ನು ಹೇಳುತ್ತ ಹೋದ ಹಾಗೆ ಅಂಗಡಿಯೊಳಗಿನ ನಗು ನಿಂತಿತು. ರೈತನಿಗೆ ಹೇಳಲು ಬಾರದ ಎಷ್ಟೋ ಸಂಗತಿ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ. ರೈತನೂ ಏನು ಕಡಿಮೆಯಿಲ್ಲ, ದಲಾಲಿಯ ಪೇಚನ್ನು ಹೆಂಡತಿಯ ತವರಿನ ಸುದ್ದಿ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ನನ್ನ ಬಸ್ ಹೋಯಿತು. ನಾನು ಕೂತೇ ಇದ್ದೆ. ನನ್ನ ಇಡೀ ಓದಿನಲ್ಲಿ ಸಿಗದ ಪಾಠದ ರೀತಿ ಅಲ್ಲಿ ಸಿಕ್ಕಿತ್ತು, ಆ ಖುಷಿಯನ್ನು ಇವತ್ತಿಗೂ ಮರೆತಿಲ್ಲ.

ಸೋಮವಾರದಿಂದ ನನ್ನ ತರಗತಿಯಲ್ಲಿ ಹೊಸ ಕಾಯಿದೆ ಬಂತು. ಕುಸಿತದ ಪಾಠಕ್ಕೆ ನೋಟ್ಸ್ ಇಲ್ಲ, ಚರ್ಚೆ ಮಾತ್ರ. ಚರ್ಚೆಯಲ್ಲಿ ಯಾರೂ ತಮ್ಮ ಮನೆಯ ಕಡೆಯಿಂದ ಮಾತಾಡಬಾರದು. ಅಂಗಡಿಯವರ ಮಗ ತೆರಿಗೆಯ ಪರ ಮಾತಾಡಬೇಕು. ಸರ್ಕಾರಿ ನೌಕರರ ಮಗಳು ಸರ್ಕಾರದ ಖರ್ಚನ್ನು ಕಡಿಮೆ ಮಾಡಬೇಕೆಂದು ವಾದಿಸಬೇಕು. ಗೈಡ್‌ನ ಮಗನಿಗೆ, ಪ್ರವಾಸೋದ್ಯಮಕ್ಕೆ ಸರ್ಕಾರ ನೆರವು ಕೊಡಲೇಬಾರದು ಎಂಬ ಕಡೆ ಕೊಟ್ಟೆ. ಅವನು ಅತ್ತುಬಿಡುತ್ತಾನೇನೋ ಎಂದುಕೊಂಡಿದ್ದೆ. ಎದ್ದು ನಿಂತು ಎಲ್ಲರ ಬೆವರಿಳಿಸಿದ. ಹುಡುಗರೇ ಇದಕ್ಕೆ 'ಉಲ್ಟಾ ಬಾಜು' ಎಂದು ಹೆಸರಿಟ್ಟರು. ಗದ್ದಲ ಕೇಳಿ ಪ್ರಾಂಶುಪಾಲರು ಬಂದು, ಇದು ಕ್ಲಾಸೋ ದನದ ಸಂತೆಯೋ ಎಂದು ಕಣ್ಣು ಕೆಂಪಗೆ ಮಾಡಿದರು. ಸಂತೆಯೇ ಸರ್, ಅರ್ಥಶಾಸ್ತ್ರ ಹುಟ್ಟಿದ್ದೇ ಅಲ್ಲಿ ಎಂದೆ. ಆ ವರ್ಷ ನನಗೆ ಪರೀಕ್ಷೆಯ ಮೇಲ್ವಿಚಾರಣೆಯ ಡ್ಯೂಟಿ ಎಲ್ಲರಿಗಿಂತ ಹೆಚ್ಚು ಬಿತ್ತು. ಬೀಳಲಿ.

ಹುನಗುಂದಕ್ಕೆ ವರ್ಗವಾದ ಮೇಲೆ ಈ ಕಾಯಿದೆಯನ್ನು ಇನ್ನಷ್ಟು ಗಟ್ಟಿ ಮಾಡಿದೆ. ಅಲ್ಲಿಯ ಒಂದು ಪ್ರಸಂಗ ಹೇಳಲೇಬೇಕು, ಯಾಕೆಂದರೆ ಆವತ್ತು ಬೆವರಿಳಿದದ್ದು ನನ್ನದು. ಕುಸಿತದಲ್ಲಿ ಸರ್ಕಾರ ಕೂಲಿ ಕೊಟ್ಟು ಗುಂಡಿ ತೋಡಿಸಿ, ಮತ್ತೆ ಕೂಲಿ ಕೊಟ್ಟು ಮುಚ್ಚಿಸಿದರೂ ಸರಿ, ಜನರ ಕೈಯಲ್ಲಿ ದುಡ್ಡು ಓಡಾಡಿ ಪೇಟೆ ಚೇತರಿಸುತ್ತದೆ ಎಂದು ನಮ್ಮ ಪಾಠದಲ್ಲಿ ಒಂದು ಮಾತಿದೆ. ಅದನ್ನು ನಾನು ಭಾರಿ ಹುರುಪಿನಿಂದ ಹೇಳಿದೆ. ಮರೋಳದ ಹುಡುಗಿಯೊಬ್ಬಳು ಕೈ ಎತ್ತಿದಳು. "ಹೆಂಗೂ ತೋಡತಾರಂದ್ರ ನೀರ ಬರೋ ಕಡೆ ತೋಡ್ಲಿ ಬಿಡ್ರಿ ಮೇಡಂ, ಮುಚ್ಚೂದು ಯಾಕ?" ಅವಳೂರಿನಲ್ಲಿ ನೀರಾವರಿಗಾಗಿ ನೆಲ ಅಗೆದದ್ದನ್ನು ಕಣ್ಣಾರೆ ನೋಡಿದವಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ತೋಡಿದ ಗುಂಡಿಯಲ್ಲಿ ಏನಿರುತ್ತದೆ ಎಂದು ಕೇಳದೆ ಖರ್ಚಿನ ಲೆಕ್ಕ ಹೇಳಬಾರದು ಎಂಬುದು ನನಗೆ ಆಗ ಗೊತ್ತಾಯಿತು. ಅದು ಮುಂದೆ ಇಳಕಲ್‌ನಲ್ಲಿ ಇನ್ನೊಂದು ಗುಂಡಿಯ ಮುಂದೆ ನಿಂತಾಗ ನೆನಪಿಗೆ ಬಂತು.

ಇಳಕಲ್ ನನ್ನ ಕೊನೆಯ ಊರು. ಅಲ್ಲಿಗೆ ಹೋಗುವ ಹೊತ್ತಿಗೆ ಕರಿಹಲಗೆ ಹೋಗಿ ಪರದೆ ಬಂದಿತ್ತು. ಲಾಕ್‌ಡೌನಿನಲ್ಲಿ ಪರದೆಯೂ ಹೋಗಿ ಮೊಬೈಲು ಬಂತು. ಮೊಬೈಲಿನ ಪಾಠ ಒಂದು ಶಿಕ್ಷೆ. ಯಾರದೋ ಮನೆಯ ಕುಕ್ಕರ್ ಸೀಟಿ, ಯಾರದೋ ಮನೆಯ ಕೋಳಿ, ಎಲ್ಲ ನನ್ನ ಪಾಠದೊಳಗೆ. ಭಾಗ್ಯಾ ಎಂಬ ಹುಡುಗಿ ಬಾಯಿ ತೆರೆದರೆ ಹಿಂದಿನಿಂದ ಮಗ್ಗದ ಸದ್ದು, ಖಟ್ ಖಟಕ್, ಖಟ್ ಖಟಕ್. ಅವಳ ಅಪ್ಪ ನಾಗಪ್ಪ ಇಳಕಲ್ ಸೀರೆ ನೇಯುವವರು, ಮನೆಯ ಒಳಗೇ ಮಗ್ಗ. ಮ್ಯೂಟ್ ಮಾಡು ಮಾರಾಯ್ತಿ ಎಂದು ಅವಳಿಗೆ ದಿನವೂ ಗದರುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಗದರುವ ಅಗತ್ಯ ಬೀಳಲಿಲ್ಲ. ಎಷ್ಟು ಒಳ್ಳೆಯ ಹುಡುಗಿ, ಹೇಳಿದ್ದು ಕೇಳುತ್ತಾಳೆ ಎಂದುಕೊಂಡೆ. ಆಮೇಲೆ ನೋಡಿದರೆ ಅವಳು ಮ್ಯೂಟ್ ಮಾಡಿರಲೇ ಇಲ್ಲ. ಮಗ್ಗ ನಿಂತಿತ್ತು. ಪುಸ್ತಕದ ಕುಸಿತವನ್ನು ಅಷ್ಟು ವರ್ಷ ಕಲಿಸಿದವಳು ನಾನು, ನಿಜವಾದ ಕುಸಿತ ನನ್ನ ಕಿವಿಯಲ್ಲೇ ಆದಾಗ ಶಿಸ್ತು ಎಂದು ತಿಳಿದೆ.

ಕಾಲೇಜು ಮತ್ತೆ ತೆರೆದಾಗಲೂ ಊರಿನ ಅರ್ಧಕ್ಕರ್ಧ ಮಗ್ಗಗಳು ಸುಮ್ಮನಿದ್ದವು. ನಮ್ಮಲ್ಲಿ ನೇಯುವುದು ಕುಣಿಮಗ್ಗದಲ್ಲಿ. ನೆಲದಲ್ಲಿ ಕುಣಿ ತೋಡಿರುತ್ತಾರೆ, ನೇಕಾರ ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ನೇಯುತ್ತಾನೆ. ಸಾವಕಾರರು, ಅಂದರೆ ಸೀರೆ ಅಂಗಡಿಯವರು, ನೂಲು ಕೊಡುತ್ತಾರೆ, ನೇಕಾರ ಸೀರೆ ಮಾಡಿ ಕೊಟ್ಟು ಮಜೂರಿ ಪಡೆಯುತ್ತಾನೆ. ಮದುವೆಗಳೇ ಇಲ್ಲದೆ ಅಂಗಡಿಯಲ್ಲಿ ಸೀರೆ ಉಳಿದವು, ಸಾವಕಾರರು ನೂಲು ನಿಲ್ಲಿಸಿದರು. ಊರಿನ ಗಂಡಸರು ಒಬ್ಬೊಬ್ಬರಾಗಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳಿಗೆ ಹೋಗತೊಡಗಿದರು. ಹೋದವರು ಮನೆಯ ಕುಣಿಗೆ ಮಣ್ಣು ತುಂಬಿ ಮೇಲೆ ನೆಲಹಾಸಿನ ಪರಸಿ ಕಲ್ಲು ಹಾಕಿಬಿಡುತ್ತಿದ್ದರು. ಒಮ್ಮೆ ಮುಚ್ಚಿದ ಕುಣಿಯನ್ನು ಯಾರೂ ಮತ್ತೆ ತೋಡಿದ್ದನ್ನು ನಾನು ಕಂಡಿಲ್ಲ. ಅಪ್ಪನೂ ಮುಚ್ಚುವ ಮಾತಾಡುತ್ತಿದ್ದಾನೆ ಎಂದು ಭಾಗ್ಯಾ ನನಗೆ ಹೇಳಿದಳು. ಅವಳು ಅಕ್ಷರ ಕಲಿತದ್ದು ಅದೇ ಕುಣಿಯ ಅಂಚಿನಲ್ಲಿ, ಅಪ್ಪನ ಪಕ್ಕ ಕೂತು.

ಅದೇ ಸಮಯಕ್ಕೆ ಬೆಂಗಳೂರಿನಿಂದ ಒಬ್ಬ ಹಿರಿಯ ಅಧಿಕಾರಿ ಊರಿಗೆ ಬರುತ್ತಾರೆಂದು ಸುದ್ದಿಯಾಯಿತು. ನಿಂತ ಮಗ್ಗಗಳ ಚೇತರಿಕೆಗೆ ಸರ್ಕಾರವೇ ಸೀರೆ ಖರೀದಿಸಬೇಕೇ, ಬೇಡವೇ ಎಂದು ಜನರ ಅಭಿಪ್ರಾಯ ಕೇಳಿ ಅವರು ವರದಿ ಕೊಡುವವರಿದ್ದರು. ಸಭೆ ನಮ್ಮ ಕಾಲೇಜಿನ ಸಭಾಂಗಣದಲ್ಲೇ. ಪ್ರಾಂಶುಪಾಲರು ನನ್ನನ್ನು ಕರೆದು, ಸಭೆಗೆ ಮೊದಲು ನಿಮ್ಮ ಹುಡುಗರ ಒಂದು ಚರ್ಚೆ ಇಡಿ ಮೇಡಂ, ಕಾಲೇಜಿಗೆ ಹೆಸರು ಬರುತ್ತದೆ ಎಂದರು. ಖರೀದಿ ಬೇಕು ಎನ್ನಲು ಸೀರೆ ಅಂಗಡಿಯವರ ಮಗ ವಿನಾಯಕ, ಬೇಡ ಎನ್ನಲು ನೇಕಾರರ ಮಗಳು ಭಾಗ್ಯಾ. ಸರ್ಕಾರ ನಡುವೆ ಬಂದರೆ ದರ ಮುರಿಯುತ್ತದೆಂದು ಅಂಗಡಿಯವರು ಖರೀದಿಗೆ ವಿರೋಧ, ಕೆಲಸ ಸಿಗುತ್ತದೆಂದು ನೇಕಾರರು ಪರ, ನನ್ನ ಕಾಯಿದೆಯ ಪ್ರಕಾರ ಹಾಗೇ ಆಗಬೇಕಲ್ಲ.

ಭಾಗ್ಯಾ ಆವತ್ತು ಮಾತಾಡಿದ ರೀತಿ ನೋಡಿ ನನ್ನ ಎದೆ ಹಿಗ್ಗಿತು. ಸರ್ಕಾರ ಕೊಳ್ಳುವ ಸೀರೆ ಎಲ್ಲಿವೆ ಎಂದು ಕೇಳಿದಳು. ನೇಕಾರರ ಮನೆಯಲ್ಲಿ ಇಲ್ಲ, ಅಂಗಡಿಯ ಕಪಾಟಿನಲ್ಲಿವೆ. ಕಪಾಟು ಖಾಲಿಯಾದ ಕೂಡಲೇ ಮಗ್ಗಕ್ಕೆ ನೂಲು ಬರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ ಎಂದಳು. ಸರ್ಕಾರ ಕೊಂಡ ಸೀರೆಯನ್ನೇ ಮುಂದೆ ಅಗ್ಗಕ್ಕೆ ಮಾರಿದರೆ ಹೊಸ ಸೀರೆಯನ್ನು ಯಾರು ಕೇಳುತ್ತಾರೆ ಎಂದಳು. ವಿನಾಯಕನೂ ಬಿಡಲಿಲ್ಲ. ಅಂಗಡಿಗೆ ಉಸಿರು ಬಂದರೆ ಮಾತ್ರ ಮಗ್ಗಕ್ಕೆ ಉಸಿರು, ನೇಕಾರ ಉಪವಾಸ ಕೂತು ಮಾರುಕಟ್ಟೆ ತಾನೇ ಏಳಲಿ ಎಂದು ಕಾಯಬೇಕೇ ಎಂದು ಕೇಳಿದ. ಅಂಗಡಿಯ ಹುಡುಗ ನೇಕಾರನ ಹಸಿವಿನ ಬಗ್ಗೆ ಮಾತಾಡಿದ್ದು ಕೇಳಿ ಅವನ ಅಪ್ಪ ಮುಂದಿನ ಸಾಲಿನಲ್ಲಿ ಕೆಮ್ಮಿದರು.

ಚಪ್ಪಾಳೆ ಮುಗಿದ ಮೇಲೆ ಅಧಿಕಾರಿ ಎದ್ದರು. ನೇಕಾರರ ಮನೆಯ ಮಗಳೇ ಇಷ್ಟು ಸ್ವಾಭಿಮಾನದಿಂದ ಸರ್ಕಾರದ ಖರೀದಿ ಬೇಡ ಎಂದು ಹೇಳಿದ್ದು ತಮ್ಮ ಕಣ್ಣು ತೆರೆಸಿತು, ಇದನ್ನು ವರದಿಯಲ್ಲಿ ಖಂಡಿತ ಬರೆಯುತ್ತೇನೆ ಎಂದರು. ಆಗ ಹೊಳೆಯಿತು, ಸ್ವಾಗತ ಮಾಡುವಾಗ ಪ್ರಾಂಶುಪಾಲರು ಇಬ್ಬರ ಮನೆತನವನ್ನೂ ಹೆಮ್ಮೆಯಿಂದ ಹೇಳಿದ್ದರು, ಉಲ್ಟಾ ಬಾಜುವಿನ ಕಾಯಿದೆಯನ್ನು ಹೇಳಿರಲಿಲ್ಲ. ಕಾಲೇಜಿನ ಗೋಡೆಗೂ ಗೊತ್ತಿದ್ದ ಸಂಗತಿ, ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನಾನು ವೇದಿಕೆ ಹತ್ತುವಷ್ಟರಲ್ಲಿ ಸಭಾಂಗಣದಲ್ಲಿ ಗದ್ದಲ ಎದ್ದಿತ್ತು, ಅಧಿಕಾರಿ ಬಾಗಲಕೋಟೆಯ ಇನ್ನೊಂದು ಕಾರ್ಯಕ್ರಮಕ್ಕೆ ತಡವಾಯಿತೆಂದು ಕಾರು ಹತ್ತಿದ್ದರು. ತಪ್ಪು ಯಾರದು ಎಂದು ಪ್ರಾಂಶುಪಾಲರೂ ನಾನೂ ಇವತ್ತಿಗೂ ಜಗಳಾಡುತ್ತೇವೆ. ಅವರದೇ.

ಹಿಂದಿನ ಸಾಲಿನಲ್ಲಿ ನಾಗಪ್ಪ ಕೂತಿದ್ದರು. ಓಣಿಯ ನೇಕಾರರೆಲ್ಲ ಅವರನ್ನು ಸುತ್ತಿಕೊಂಡು, ನಿನ್ನ ಮಗಳು ಎಲ್ಲರ ಅನ್ನಕ್ಕೂ ಕಲ್ಲು ಹಾಕಿದಳು ಎಂದು ಬಾಯಿಗೆ ಬಂದಂತೆ ಅಂದರು. ನಾಗಪ್ಪ ಎದ್ದು ಹೋದರು. ಭಾಗ್ಯಾ ನನ್ನ ಹತ್ತಿರ ಬಂದಳು. ಅಳುತ್ತಾಳೆಂದು ಸೆರಗು ಸರಿ ಮಾಡಿಕೊಂಡೆ. ಅವಳು ಅಳಲಿಲ್ಲ. ನಾಳೆ ಬಾಗಲಕೋಟೆಗೆ ಹೋಗೋಣ, ನನ್ನ ಬಾಜು ನಾನು ಹೇಳಬೇಕು ಎಂದಳು. ಅವಳ ಆ ಮಾತಿಗೆ ನಾನು ಸೋತೆ.

ಮರುದಿನ ನಾನು, ಭಾಗ್ಯಾ, ವಿನಾಯಕ ಮೂವರೂ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆವು. ನವನಗರದ ಕಚೇರಿಯ ಹೊರಗೆ ಕಾದು ಕಾದು ಕೊನೆಗೆ ಒಳಗೆ ಕರೆದರು. ಅಧಿಕಾರಿ ಕೆಟ್ಟವರಲ್ಲ, ಅವಸರದವರು. ಭಾಗ್ಯಾಳ ಗುರುತು ಹಿಡಿದರು.

"ನಿನ್ನೆ ಬೇಡ ಅಂದೆ, ಇವತ್ತು ಬೇಕು ಅಂತ ಬಂದಿದ್ದೀಯಲ್ಲಮ್ಮ. ನಾನು ಯಾವುದನ್ನ ನಂಬಲಿ?"

ನಾನು ಕಾಯಿದೆಯನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇನ್ನು ಬೈಗುಳ ಬೀಳುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಭಾಗ್ಯಾ ಶುರು ಮಾಡಿದಳು.

"ನಿನ್ನೆ ಹೇಳಿದ್ದು ಸುಳ್ಳಲ್ರಿ ಸರ್, ಅರ್ಧಾ ಖರೆ. ಅಂಗಡ್ಯಾಗಿನ ಸೀರಿ ಕೊಂಡ್ರ ಅಂಗಡಿ ಉಳಿತೈತಿ. ಮಗ್ಗ ಉಳೀಬೇಕಂದ್ರ ನೂಲು ಕೊಟ್ಟು ಹೊಸಾ ಸೀರಿ ನೇಯಸ್ರಿ. ನಮ್ಮಪ್ಪನ ಹತ್ರ ಮಾರಾಕ ಸೀರಿ ಇಲ್ರಿ. ಅವಗ ಬೇಕಾಗಿದ್ದು ಕೈಗೆ ಕೆಲಸ."

ನೂಲು ಬಂದರೆ ಬಣ್ಣ ಹಾಕುವವರಿಗೆ ಕೆಲಸ, ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡುವ ಹೆಂಗಸರಿಗೆ ಕೆಲಸ, ಆಮೇಲೆ ಕಿರಾಣಿ ಅಂಗಡಿಗೆ ಗಿರಾಕಿ ಎಂದು ಅವಳು ಒಂದರ ಹಿಂದೆ ಒಂದು ಜೋಡಿಸಿ ಹೇಳಿದಳು. ವಿನಾಯಕ, ನೂಲು ಹಂಚುವ ಕೆಲಸವನ್ನು ಅಂಗಡಿಯವರಿಗೇ ವಹಿಸಿದರೆ ಅವರೂ ಅಡ್ಡ ಬರುವುದಿಲ್ಲ ಎಂದು ಸೇರಿಸಿದ. ಎಲಾ ಇವನ, ಎಂದುಕೊಂಡೆ. ಮುಂಚಿನ ದಿನ ಎದುರಾಳಿಯ ವಾದಕ್ಕೆ ತಯಾರಿ ಮಾಡದಿದ್ದರೆ ಇಬ್ಬರಿಗೂ ಈ ದಾರಿ ಕಾಣುತ್ತಿರಲಿಲ್ಲ. ನನ್ನ ಕಾಯಿದೆಯ ಮೇಲೆ ನನಗಿದ್ದ ನಂಬಿಕೆ ಆ ಕೋಣೆಯಲ್ಲಿ ಗಟ್ಟಿಯಾಯಿತು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಬರೆಯುತ್ತೇನೆ, ಒತ್ತಿಯೂ ಹೇಳುತ್ತೇನೆ, ಆದರೆ ಮೇಲಿನಿಂದ ಆದೇಶ ಬರುವುದಕ್ಕೆ ಟೈಮ್ ಹಿಡಿಯುತ್ತದೆ ಎಂದರು.

ಟೈಮ್ ಹಿಡಿಯುತ್ತದೆ. ನೀತಿಯ ವಿಳಂಬ ಎಂದು ಇದನ್ನು ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಹೊಸಬರಿಗೆ ಹೇಳುವುದೇನೆಂದರೆ, ಆ ಸಾಲಿನ ಹತ್ತಿರ ನಿಲ್ಲಿ. ಸರ್ಕಾರ ಖರ್ಚು ಮಾಡಬೇಕೋ ಬೇಡವೋ ಎಂದು ಎರಡು ಪಂಥಗಳು ಗಂಟಲು ಹರಿದುಕೊಳ್ಳುವಾಗ, ಆದೇಶ ಬರುವವರೆಗೆ ಆ ಮನೆಯವರು ಏನು ತಿನ್ನುತ್ತಾರೆ ಎಂಬ ಪ್ರಶ್ನೆ ಹಾಗೇ ಬಿದ್ದಿರುತ್ತದೆ.

ಬೇಸಿಗೆ ಬಂತು, ಆದೇಶ ಬರಲಿಲ್ಲ. ಒಂದು ಭಾನುವಾರ ಭಾಗ್ಯಾ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಅಪ್ಪ ಕುಣಿ ಮುಚ್ಚಲು ನಿಂತಿದ್ದಾನೆ, ನೀವು ಹೇಳಿದರೆ ಕೇಳುತ್ತಾನೆ ಎಂದು ಅವಳ ನಂಬಿಕೆ. ನಾನೂ ದಾರಿಯುದ್ದಕ್ಕೂ ಬುದ್ಧಿವಾದವನ್ನು ಮಸೆಯುತ್ತ ಹೋದೆ. ಮನೆಯೊಳಗೆ ಮಗ್ಗದ ಮೇಲೆ ದೂಳು. ಕುಣಿಯ ಪಕ್ಕದ ಗೋಡೆಗೆ ಒಂದು ಪರಸಿ ಕಲ್ಲು ಆಗಲೇ ಒರಗಿತ್ತು. ಭಾಗ್ಯಾಳ ತಾಯಿ ಶಂಕ್ರವ್ವ ಚಾಪೆ ಹಾಸಿ ಚಹಕ್ಕೆ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ನಾಗಪ್ಪ ಕೈ ಮುಗಿದರು.

"ಮೇಡಮ್ಮಾರ, ನೀವು ಎಲ್ಲಾರಿಗೂ ಉಲ್ಟಾ ಬಾಜು ಹಚ್ಚತೀರಂತ. ಇವತ್ತ ನೀವು ಹೇಳ್ರಿ ನೋಡೂಣು. ಕುಣಿ ಮುಚ್ಚಬೇಕು ಅನ್ನೂದು ನನ್ನ ಬಾಜು. ನಿಮ್ಮಂಥಾರು ಬರತೀರಿ, ಪೇಪರಿನವರು ಬರತಾರ, ಎಲ್ಲಾರೂ ಮಗ್ಗ ಉಳಸು ಅಂತೀರಿ. ನನ್ನ ಬಾಜು ಯಾರೂ ಹೇಳವಲ್ರು. ನೀವು ಹೇಳ್ರಿ. ನಮ್ಮ ಹುಡುಗಿ ತನ್ನ ಬಾಜು ತಾನ ಹೇಳ್ಲಿ, ಉಲ್ಟಾ ಹೇಳಿ ಹೇಳಿ ಸಾಕಾಗೇತಿ ಆಕಿಗೆ."

ಶಂಕ್ರವ್ವ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಎಷ್ಟೋ ಮಕ್ಕಳಿಗೆ ಹಾಕಿದ ಕಾಯಿದೆ ಈಗ ನನ್ನ ಕೊರಳಿಗೇ ಬಂದಿತ್ತು. ಒಲ್ಲೆ ಎನ್ನುವ ಹಾಗಿರಲಿಲ್ಲ. ಅರೆಮನಸ್ಸಿನಿಂದ ಹೇಳುವ ಹಾಗೂ ಇರಲಿಲ್ಲ, ಎದುರಿಗೆ ನನ್ನ ವಿದ್ಯಾರ್ಥಿನಿ ಕೂತಿದ್ದಳು. ಎದುರು ಪಕ್ಷವನ್ನು ಬೇಕೆಂದೇ ಬಡಕಲಾಗಿ ಹೇಳುವವರಿಗೆ ನಾನು ಯಾವತ್ತೂ ಮಾರ್ಕ್ಸ್ ಕೊಟ್ಟವಳಲ್ಲ.

ಹೇಳಿದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಕುಣಿ ತೆರೆದಿದ್ದರೆ ಆಸೆಯೂ ತೆರೆದಿರುತ್ತದೆ, ಬೆಳಿಗ್ಗೆ ಎದ್ದು ಅದರ ಮುಖ ನೋಡಿ ಮನುಷ್ಯ ಬೇರೆ ಕೆಲಸಕ್ಕೆ ಹೋಗಲಾರ ಎಂದೆ. ಕಾರ್ಖಾನೆಯಲ್ಲಿ ಇವತ್ತು ಕೆಲಸವಿದೆ, ಸರ್ಕಾರದ ನೂಲು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಪರಂಪರೆ ಉಳಿಸು ಎಂದು ಹೇಳುವವರು ನಾಗಪ್ಪನ ಮನೆಯ ಒಲೆ ಹಚ್ಚಲು ಬರುವುದಿಲ್ಲ, ನಾನೂ ಸೇರಿ. ಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿದಿರುವುದು ಅವರದು, ನಮ್ಮದಲ್ಲ. ಈ ಜಾಗ ಸಮವಾದರೆ ಮಗಳಿಗೆ ಓದಲು ಒಂದು ಮೂಲೆಯಾದರೂ ಸಿಗುತ್ತದೆ. ಹೇಳುತ್ತ ಹೋದ ಹಾಗೆ ನನಗೇ ಗಾಬರಿಯಾಯಿತು, ಯಾಕೆಂದರೆ ಒಂದೊಂದೂ ನಿಜವಿತ್ತು. ನಾಗಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

ಭಾಗ್ಯಾ ಚುಟುಕಾಗಿ ಹೇಳಿದಳು. ಮುಚ್ಚುವುದು ಒಂದು ದಿನದ ಕೆಲಸ, ಮತ್ತೆ ತೋಡಿ ಮಗ್ಗ ಹೂಡುವುದು ಹಾಗಲ್ಲ. ಮಗ್ಗ ಇದ್ದವರ ಮನೆಗೇ ನೂಲು ಕೊಡುತ್ತಾರೆ, ಮುಚ್ಚಿದವರ ಮನೆಗೆ ಯಾರೂ ಬರುವುದಿಲ್ಲ. ಕಾರ್ಖಾನೆಗೆ ಹೋಗು ಅಪ್ಪ, ನಾನು ತಡೆಯುವುದಿಲ್ಲ, ಆದರೆ ತಿರುಗಿ ಬರುವ ದಾರಿಯನ್ನು ಮುಚ್ಚಬೇಡ ಎಂದಳು. ನಾಗಪ್ಪ ಏನೂ ತೀರ್ಪು ಹೇಳಲಿಲ್ಲ. ಚಹ ಕುಡಿಸಿ ನನ್ನನ್ನು ಕಳಿಸಿಕೊಟ್ಟರು.

ಮುಂದಿನ ವಾರ ಭಾಗ್ಯಾ ಕಾಲೇಜಿಗೆ ಬಂದು, ಮುಚ್ಚಿಬಿಟ್ಟ ಮೇಡಂ ಎಂದಳು. ನೋಡಲು ಹೋದೆ. ಕುಣಿ ಇದ್ದಲ್ಲಿ ಪರಸಿ ಕಲ್ಲು ಸಪಾಟಾಗಿ ಕೂತಿತ್ತು. ಮಗ್ಗದ ಕಟ್ಟಿಗೆಗಳನ್ನು ಗೋಡೆಗೆ ಒರಗಿಸಿ ಹಳೆಯ ದುಪ್ಪಟಿ ಹೊದಿಸಿದ್ದರು. ನಾಗಪ್ಪ ಕಾರ್ಖಾನೆಗೆ ಹೋಗಿದ್ದರು. ಆ ಕಲ್ಲಿನ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ. ನನ್ನ ನಾಲಿಗೆಯೇ ಅದನ್ನು ಮುಚ್ಚಿತು ಎಂದು ಬಹಳ ಸಂಕಟವಾಯಿತು. ಆದರೂ ಕಾಯಿದೆ ತಪ್ಪು ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಒಬ್ಬ ಮನುಷ್ಯನ ಪರ ಯಾರೂ ಮಾತಾಡದಿದ್ದಾಗ ಅವನ ಪರ ಮಾತಾಡಿದ್ದೆ. ಆ ವರ್ಷವೇ ನಾನು ನಿವೃತ್ತಳಾದೆ.

ಮಳೆಗಾಲ ಮುಗಿದ ಮೇಲೆ ಆದೇಶ ಬಂತು. ನೇಕಾರರಿಗೆ ನೂಲು ಕೊಟ್ಟು ಹೊಸ ಸೀರೆ ನೇಯಿಸುವುದು, ಹಂಚಿಕೆ ಅಂಗಡಿಗಳ ಮೂಲಕ. ಕೇಳಿದ್ದಕ್ಕಿಂತ ಕಡಿಮೆ ಇತ್ತು, ಬೇಕಾದಾಗ ಬಂದಿರಲಿಲ್ಲ, ಆದರೆ ಬಂದಿತ್ತು. ಮಗ್ಗ ಇದ್ದವರಿಗೆ ಮಾತ್ರ, ಮನೆಗೇ ಬಂದು ನೋಡಿ ಕೊಡುತ್ತಾರೆ ಎಂದು ಗೊತ್ತಾದಾಗ 'ನೋಡಿದ್ರೇನ್ರಿ ಮೇಡಂ, ನಾವು ಕುಣಿ ಮುಚ್ಚಿ ಕೂತೀವಿ' ಎಂದು ಭಾಗ್ಯಾ ನನಗೆ ಫೋನ್ ಮಾಡಿದಳು. ಅವಳ ದನಿ ಕೇಳಲಾಗದೆ ಮೊದಲ ಆಟೋ ಹಿಡಿದು ಅವರ ಮನೆಗೆ ಹೋದೆ. ಏನು ಹೇಳಲು ಹೋದೆನೋ ನನಗೇ ಗೊತ್ತಿಲ್ಲ.

ನಾಗಪ್ಪ ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದರು. ಮೈಯೆಲ್ಲ ಕಲ್ಲಿನ ಹುಡಿ, ಹುಬ್ಬೂ ಬೆಳ್ಳಗೆ. ನನ್ನನ್ನು ನೋಡಿ, ಬರ್ರಿ ಮೇಡಮ್ಮಾರ, ಕೂಡ್ರಿ ಎಂದರು. ಕೈಕಾಲು ಸಹ ತೊಳೆಯಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಹಾರಿ ತಂದು ಪರಸಿಯ ಸಂದಿಗೆ ಇಟ್ಟು ಒಮ್ಮೆ ಒತ್ತಿದರು. ಕಲ್ಲು ಪೆಟ್ಟಿಗೆಯ ಮುಚ್ಚಳದ ಹಾಗೆ ಎದ್ದಿತು. ಸಂದಿಯಲ್ಲಿ ಸಿಮೆಂಟೇ ಇರಲಿಲ್ಲ. ಕೆಳಗೆ ಮಣ್ಣೂ ಇರಲಿಲ್ಲ. ಉಸುಕು ತುಂಬಿ ಬಾಯಿ ಹೊಲಿದ ಚೀಲಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟಿದ್ದರು. ಒಂದೊಂದನ್ನೇ ಎತ್ತಿ ಹೊರಗಿಟ್ಟ ಹಾಗೆ ಕುಣಿ, ಅಪ್ಪ ಮಗಳು ಕೂತಿದ್ದ ಅದೇ ಅಂಚಿನ ಸಮೇತ, ಮೊದಲಿದ್ದ ಹಾಗೇ ತೆರೆದುಕೊಂಡಿತು. ಮುಚ್ಚುವಾಗ ಮನೆಯಲ್ಲಿಲ್ಲದ ಶಂಕ್ರವ್ವನಿಗೂ ಇದು ಗೊತ್ತಿರಲಿಲ್ಲ, ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಭಾಗ್ಯಾ ಅಳುತ್ತಿದ್ದಳು, ಸಭೆಯ ದಿನ ಅಳದಿದ್ದವಳು.

ಇದೇನು ನಾಗಪ್ಪಾರ, ಎಂದೆ. ಅವರು ಕೊನೆಯ ಚೀಲವನ್ನು ಗೋಡೆಗೆ ಒರಗಿಸಿ ಹುಬ್ಬಿನ ಮೇಲಿನ ಹುಡಿ ಒರೆಸಿಕೊಂಡರು.

"ಇಬ್ರದೂ ಖರೆ ಇತ್ತಲ್ರಿ ಮೇಡಮ್ಮಾರ. ನಿಮ್ಮ ಮಾತು ಕೇಳಿ ಕಲ್ಲು ಹಾಸಿದೆ, ಆಕಿ ಮಾತು ಕೇಳಿ ಸಿಮಿಟ್ ಹಾಕಲಿಲ್ಲ."